ಹಿಂದಿನ ಸೀಟಿನ ಕೆಳಗಿನ ಆರು ಬೋಲ್ಟು

ಕಳೆದ ವಾರ ನನ್ನ ಮಗಳು ಅನಘಾ ಶಾಲೆಯಿಂದ ಬಾಯಾರಿಕೊಂಡು ಬಂದಳು. ನೀರಿನ ಬಾಟಲಿ ತುಂಬಿದ ಹಾಗೆಯೇ ಇತ್ತು. ಬೆಳಿಗ್ಗೆ ಅದರ ಮುಚ್ಚಳ ಹಾಕಿದವನು ನಾನು. ಮೊದಲು ಅವಳು ತಿರುಗಿಸಿ ನೋಡಿದಳಂತೆ, ಆಮೇಲೆ ಪಕ್ಕದ ಬೆಂಚಿನವಳು, ಆಮೇಲೆ ಕ್ಲಾಸ್ ಟೀಚರು, ಕೊನೆಗೆ ಪಿ.ಟಿ. ಮಾಸ್ಟರು. ಪಿ.ಟಿ. ಮಾಸ್ಟರು ಕರವಸ್ತ್ರ ಸುತ್ತಿ ತಿರುಗಿಸಿ ಅಂಗೈ ಕೆಂಪು ಮಾಡಿಕೊಂಡರೇ ಹೊರತು ಮುಚ್ಚಳ ಅಲುಗಲಿಲ್ಲ. ಮಗಳು ಬಾಟಲಿಯನ್ನು ತಂದು ನನ್ನ ಮುಂದೆ ಕುಕ್ಕಿ, "ಇನಿ ಅಪ್ಪ ಅಡಯ್ಕಣ್ಡ" ಅಂದಳು. ಇನ್ನು ಮೇಲೆ ಅಪ್ಪ ಮುಚ್ಚುವುದು ಬೇಡ ಎಂದರ್ಥ. ತಿರುವನಂತಪುರದಲ್ಲೇ ಬೆಳೆದ ಮಗು; ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಆದರೆ ಆ ಹೊತ್ತಿನ ಅವಳ ಮುಖಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಅಡುಗೆಮನೆಯಿಂದ ನನ್ನ ಹೆಂಡತಿ ನೀಲಾ, "ನಿಮ್ಮಪ್ಪ ಬಿಗಿದದ್ದು ತೆಗಿಯಾಕ ಅಂಬಲಮುಗಳದಿಂದ ಮಂದಿ ಬರಬೇಕವ್ವಾ" ಅಂದಳು. ಅಂದು ನಕ್ಕಳು. ನಾನೂ ನಕ್ಕೆ. ಎರ್ನಾಕುಲಂ ಹತ್ತಿರದ ಅಂಬಲಮುಗಳ್ ಎಂಬ ಆ ಊರಿನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಾರದೆ ಬಹಳ ದಿನವಾಗಿತ್ತು.

ಅದನ್ನು ನಿಮಗೆ ಹೇಳಬೇಕು. ಆದರೆ ಅದಕ್ಕೆ ಮೊದಲು ನನ್ನ ಕೈಗಳ ಮೇಲೆ ಒಂದೆರಡು ಮಾತು.

ನನಗೆ ಎಂಟು ವರ್ಷವಾಗಿದ್ದಾಗ ಅಮ್ಮನ ಜೊತೆ ಪುತ್ತೂರಿನ ರೇಷನ್ ಅಂಗಡಿಗೆ ಹೋಗಿದ್ದೆ. ಅಮ್ಮನ ಎರಡು ಕೈಗೂ ಅಕ್ಕಿ, ಸಕ್ಕರೆಯ ಚೀಲ. ಸೀಮೆಎಣ್ಣೆಯ ಡಬ್ಬಿ ನನ್ನ ಪಾಲಿಗೆ. "ಮುಚ್ಚಳ ಹಾಕಿದೆಯಾ?" ಎಂದು ಅಮ್ಮ ಕೇಳಿದರು. "ಹಾಕಿದೆ" ಅಂದೆ. ಹಾಕಿದ್ದು ನಿಜ, ತಿರುಗಿಸಿರಲಿಲ್ಲ. ಬಸ್ಸು ಮೊದಲನೆಯ ತಿರುವಿನಲ್ಲಿ ವಾಲಿದಾಗ ಡಬ್ಬಿ ಕಾಲಿನ ಸಂದಿಯಿಂದ ಜಾರಿ ಮಗುಚಿತು. ಮುಂದಿನ ಸೀಟಿನಲ್ಲಿ ಯಾವುದೋ ಮದುವೆಗೆ ಹೊರಟ ಹಿರಿಯರೊಬ್ಬರು ಬಿಳಿ ಪಂಚೆಯನ್ನು ಇಸ್ತ್ರಿ ಮುರಿಯದ ಹಾಗೆ ಹರಡಿಕೊಂಡು ಕೂತಿದ್ದರು. ಉಳಿದದ್ದನ್ನು ನೀವೇ ಊಹಿಸಿ. ಕಂಡಕ್ಟರ್ ಸೀಟಿ ಊದಿ ನಮ್ಮನ್ನು ನಡುದಾರಿಯಲ್ಲಿ ಇಳಿಸಿದ. ಅಲ್ಲಿಂದ ಮನೆಯವರೆಗೆ ಅಮ್ಮ ಚೀಲಗಳನ್ನು ಹೊತ್ತು ಮುಂದೆ, ನಾನು ಖಾಲಿ ಡಬ್ಬಿ ಹಿಡಿದು ಹಿಂದೆ. ಅಮ್ಮ ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ, "ಇನ್ನೊಮ್ಮೆ ಸರೀ ಬಿಗಿ, ಆಯ್ತಾ ಮಗಾ?" ಅಂದರು.

ಅಂದಿನಿಂದ ನಾನು ಸರೀ ಬಿಗಿಯುತ್ತ ಬಂದಿದ್ದೇನೆ. ನಲ್ಲಿ, ಗ್ಯಾಸಿನ ರೆಗ್ಯುಲೇಟರು, ಶಾಯಿಬಾಟಲಿ, ಬೂಟಿನ ಲೇಸು, ಎಲ್ಲವನ್ನೂ. ಕಾಲೇಜಿಗೆಂದು ಮೈಸೂರಿನ ಹಾಸ್ಟೆಲಿಗೆ ಹೊರಟ ದಿನ ಉಪ್ಪಿನಕಾಯಿಯ ಗಾಜಿನ ಬಾಟಲಿಯನ್ನು ಮುಚ್ಚಿಟ್ಟು ಹೋಗಿದ್ದೆ. ಎರಡು ತಿಂಗಳ ಮೇಲೆ ದೀಪಾವಳಿಗೆ ಬಂದಾಗ ಬಾಟಲಿ ಊಟದ ತಟ್ಟೆಯ ಪಕ್ಕದಲ್ಲಿ ನನಗಾಗಿ ಕಾಯುತ್ತಿತ್ತು. "ನೀನು ಬಂದ ಮೇಲೆಯೇ ಉಪ್ಪಿನಕಾಯಿ ತಿನ್ನುವ ಅಂತ ಕೂತಿದ್ದೇವೆ ಮಾರಾಯ" ಅಂದರು ಅಮ್ಮ. ನನ್ನ ಮೇಲಿನ ಪ್ರೀತಿಯಿಂದ ಕಾದರು ಎಂದೇ ನಾನು ಕೆಲವು ವರ್ಷ ನಂಬಿದ್ದೆ.

ಇಂಥ ಕೈಗಳಿದ್ದವನಿಗೆ ನೀಲಾ ಸಿಕ್ಕಿದಳು. ಅವಳು ಗದಗದವಳು, ಎರ್ನಾಕುಲಂನ ಬ್ಯಾಂಕೊಂದರಲ್ಲಿ ಆಫೀಸರ್. ನಾನು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಒಂದೇ ರಾಜ್ಯವಲ್ಲವೇ, ವರ್ಷದೊಳಗೆ ಯಾರಾದರೊಬ್ಬರಿಗೆ ವರ್ಗವಾಗುತ್ತದೆ ಎಂದು ಹಿರಿಯರು ಲೆಕ್ಕ ಹಾಕಿ ಮದುವೆ ಮಾಡಿದರು. ವರ್ಗವಾಗಲು ನಾಲ್ಕು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಾನು ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆಯಲ್ಲಿ. ಅವಳು ಎರ್ನಾಕುಲಂನಲ್ಲಿ ಒಬ್ಬ ಹಿರಿಯ ಹೆಂಗಸಿನ ಮನೆಯ ಹಿಂಬದಿಯ ಬಿಡಾರದಲ್ಲಿ. ಬ್ಯಾಂಕಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ಎರಡು ಶನಿವಾರ ಬೆಳಕು ಹರಿಯುವ ಮೊದಲೇ ಕಾರು ಹತ್ತಿ ಕೊಲ್ಲಂ, ಆಲಪ್ಪುಳ ದಾಟಿ ಹತ್ತೂವರೆಗೆ ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ರೈಲು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಕಾರು ಬೇಕಾಗಿದ್ದದ್ದು ಬರುವುದಕ್ಕಲ್ಲ, ಬಂದ ಮೇಲೆ ಕೂರುವುದಕ್ಕೆ. ಬಿಡಾರದ ಗೋಡೆ ಅರ್ಧ ಇಟ್ಟಿಗೆಯದು. ಆಚೆ ಮನೆಯೊಡತಿ. ಗೋಡೆ ತೆಳುವಾದರೇನು, ಕನ್ನಡದಲ್ಲಿ ಮಾತಾಡಿಕೊಳ್ಳಬಹುದಲ್ಲ ಎಂದು ಮೊದಲನೆಯ ದಿನ ನಾವು ಧೈರ್ಯವಾಗಿ ಏನೇನೋ ಮಾತಾಡಿದ್ದೆವು. ಬೆಳಿಗ್ಗೆ ಆಕೆ ಚಹಾ ತಂದುಕೊಟ್ಟು, "ರಾತ್ರಿ ಚೆನ್ನಾಗಿ ನಿದ್ದೆ ಬಂತಾಪ್ಪ?" ಎಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಕೇಳಿದರು. ಗಂಡನ ನೌಕರಿಯ ದೆಸೆಯಿಂದ ಹನ್ನೆರಡು ವರ್ಷ ಜಯನಗರದಲ್ಲಿದ್ದವರಂತೆ. ನೀಲಾ ಆ ದಿನವಿಡೀ ಅಂಗಳಕ್ಕೆ ಕಾಲಿಡಲಿಲ್ಲ.

ಹಾಗಾಗಿ ನಮಗೆ ಎಂದು ಇದ್ದ ಒಂದೇ ಕೋಣೆ ಆ ಕಾರು. ಎರಡನೇ ಕೈಯ ಸಣ್ಣ ಪೆಟ್ರೋಲ್ ಕಾರು, ಬಣ್ಣ ಬೂದಿ, ಎಡಗಡೆಯ ಹಿಂದಿನ ಗಾಜು ಇಳಿಯುತ್ತಿರಲಿಲ್ಲ. ಅದರಲ್ಲಿ ಕುಂಬಳಂಗಿಯ ಹಿನ್ನೀರಿನ ಪಕ್ಕದ ರಸ್ತೆಗೆ ಹೋಗಿ ನೆರಳು ಕಂಡಲ್ಲಿ ನಿಲ್ಲಿಸುತ್ತಿದ್ದೆವು. ಎದುರಿಗೆ ಮೀನು ಹಿಡಿಯುವ ಚೀನೀ ಬಲೆ ಏಳುವುದು, ಮುಳುಗುವುದು. ಎರಡು ವಾರದಿಂದ ಕೂಡಿಟ್ಟ ಮಾತುಗಳನ್ನೆಲ್ಲ ಅವಳು ಬಿಚ್ಚುತ್ತಿದ್ದಳು: ಮ್ಯಾನೇಜರು ಏನಂದರು, ಗದಗದಿಂದ ಅವ್ವ ಏನು ಕಳಿಸಿದ್ದಾಳೆ, ಬುಧವಾರ ಮಧ್ಯಾಹ್ನ ಸುಮ್ಮಸುಮ್ಮನೆ ಅಳು ಯಾಕೆ ಬಂತು. ಅವ್ವ ಕಳಿಸಿದ ಖಡಕ್ ರೊಟ್ಟಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಮುರಿದು ತಿನ್ನುತ್ತಿದ್ದೆವು. ಸೀಟಿನಲ್ಲೆಲ್ಲ ರೊಟ್ಟಿಯ ಪುಡಿ. ನನ್ನ ಕೋಣೆಯ ಗೆಳೆಯರು ಕಾರಿಗೆ ಇರುವೆ ಬಂದಿದೆ ಎಂದು ತಮಾಷೆ ಮಾಡುತ್ತಿದ್ದರು.

ಮದುವೆಯಾಗಿ ಎರಡನೆಯ ವರ್ಷ ಕಾರಿನಲ್ಲಿ ಸಣ್ಣಗೆ ಪೆಟ್ರೋಲ್ ವಾಸನೆ ಬರತೊಡಗಿತು. ತಿರುವನಂತಪುರದ ಒಬ್ಬ ಮೆಕ್ಯಾನಿಕ್ ನೋಡಿ, "ಹಿಂದಿನ ಸೀಟಿನ ಕೆಳಗೆ ಟ್ಯಾಂಕಿನ ಮೇಲೆ ಪಂಪಿನ ಮುಚ್ಚಳ ಇದೆ, ಅದರ ರಬ್ಬರ್ ಪ್ಯಾಕಿಂಗ್ ಹೋಗಿದೆ, ನಾಳೆ ಬಿಡಿ" ಅಂದ. ಮುಚ್ಚಳ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ಚುರುಚುರು ಎಂದಿತು. ಆರು ಬೋಲ್ಟು ಬಿಚ್ಚುವುದು, ರಬ್ಬರಿನ ಉಂಗುರ ಬದಲಿಸುವುದು, ಆರು ಬೋಲ್ಟು ಬಿಗಿಯುವುದು. ಬಿಗಿಯುವುದಕ್ಕೆ ನನಗಿಂತ ಬೇರೆ ಜನ ಬೇಕೇ? ಫೋನಿನಲ್ಲಿ ಮೂರು ವಿಡಿಯೋ ನೋಡಿದೆ: ಒಂದು ತಮಿಳು, ಒಂದು ಹಿಂದಿ, ಇನ್ನೊಂದು ಯಾವ ದೇಶದ್ದೋ. ಮೂರರಲ್ಲೂ ಕೊನೆಗೆ ಬೋಲ್ಟುಗಳನ್ನು ಸರಿಯಾದ ಟಾರ್ಕಿಗೆ, ಅಂದರೆ ಕಂಪನಿ ಹೇಳಿದಷ್ಟೇ ಬಲಕ್ಕೆ, ಬಿಗಿಯಿರಿ ಎಂದು ಹೇಳುತ್ತಿದ್ದರು. ಲಾರಿಯ ಹಿಂದೆ ನಿಧಾನವಾಗಿ ಚಲಿಸಿ ಎಂದು ಬರೆಯುವ ಹಾಗೆ ಅದೂ ಒಂದು ಮರ್ಯಾದೆಯ ಮಾತು ಎಂದುಕೊಂಡೆ.

ಒಂದು ಭಾನುವಾರ ಸೀಟು ಎತ್ತಿ ಕೆಲಸ ಮುಗಿಸಿಯೇಬಿಟ್ಟೆ. ಮೊಣಕಾಲೂರಿ, ಎರಡೂ ಕೈಯಲ್ಲಿ ಪಾನಾ ಹಿಡಿದು, ಇನ್ನು ತಿರುಗುವುದಿಲ್ಲ ಅನ್ನುವಾಗ ಉಸಿರು ಕಟ್ಟಿ ಮತ್ತೊಂದು ಕಾಲು ಸುತ್ತು. ಎದ್ದು ನಿಂತಾಗ ಬೆವರು ಸುರಿಯುತ್ತಿತ್ತು. ಅಷ್ಟು ತೃಪ್ತಿಯಿಂದ ನಾನು ಇನ್ನಾವ ಕೆಲಸವನ್ನೂ ಮಾಡಿರಲಿಲ್ಲ.

ಹತ್ತು ದಿನ ವಾಸನೆ ಇರಲಿಲ್ಲ. ಆಮೇಲೆ ಮೊದಲಿಗಿಂತ ಜಾಸ್ತಿಯಾಗಿ ಬಂತು.

ಇಲ್ಲಿಂದ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ವಾಸನೆ ನನಗೆ ಗೊತ್ತಾಗುತ್ತಿತ್ತು. ಮೆಕ್ಯಾನಿಕ್ ಹತ್ತಿರ ಹೋದರೆ ಯಾರು ಮಾಡಿದ್ದು ಎಂದು ಕೇಳುತ್ತಾನೆ. ನೀಲಾಳಿಗೆ ಫೋನಿನಲ್ಲಿ ನನ್ನ ಕೈಚಳಕವನ್ನು ಅರ್ಧ ಗಂಟೆ ಬಣ್ಣಿಸಿಯಾಗಿತ್ತು. ಅವಳಿಗೆ ಆಗ ಮೂರನೆಯ ತಿಂಗಳು. ಕನ್ನಡಿಗೆ ಮಲ್ಲಿಗೆಯ ಸುವಾಸನೆಯ ಒಂದು ಬಿಲ್ಲೆ ತೂಗುಹಾಕಿದೆ. ಕಾರು ಹತ್ತಿದೊಡನೆ ಅವಳು ಗಾಜು ಪೂರ್ತಿ ಇಳಿಸುತ್ತಿದ್ದಳು. "ಸೆಕೆಯಾ?" ಅಂದರೆ "ಗಾಳಿ ಚಲೋ ಐತ್ರಿ" ಅನ್ನುತ್ತಿದ್ದಳು. ನಡುವೆ ಒಂದೆರಡು ಸಲ ಇಳಿದು ಹೋಗಿ ವಾಂತಿ ಮಾಡಿಕೊಂಡು ಬಂದಳು. ಮೂರನೆಯ ತಿಂಗಳಲ್ಲಿ ಇದೆಲ್ಲ ಇರುವುದೇ ಎಂದು ನಾನು ನನಗೇ ಹೇಳಿಕೊಂಡೆ.

ಆ ನಾಲ್ಕನೆಯ ಶನಿವಾರ ತೃಪ್ಪುಣಿತ್ತುರದ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಟೆವು. ಎರಡು ಫರ್ಲಾಂಗು ಹೋಗಿರಲಿಲ್ಲ, ನೀಲಾ ನನ್ನ ತೋಳು ಹಿಡಿದಳು.

"ನಿಲ್ಲಸ್ರಿ."

ನಿಲ್ಲಿಸಿದೆ. ಅವಳು ಇಳಿದು ರಸ್ತೆಯ ಆಚೆ ಬದಿಗೆ ಹೋಗಿ ಒಂದು ಗೋಡೆಗೆ ಒರಗಿ ನಿಂತಳು. ಸೆರಗು ಮೂಗಿಗೆ. ಹಿಂದೆ ನೋಡಿದೆ. ಸೀಟಿನ ಅಂಚಿನಿಂದ ಕೆಳಗಿನ ಮ್ಯಾಟಿನವರೆಗೆ ಒದ್ದೆ.

"ಎಂತ ಮಾಡುವ ಈಗ?" ಎಂದೆ, ಅವಳ ಹತ್ತಿರ ಹೋಗಿ.

"ನಾ ಇನ್ನ ಇದರಾಗ ಕುಂದ್ರೂದಿಲ್ಲ" ಅಂದಳು. ಅಳುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು.

ಅವಳೇ ಫೋನು ತೆಗೆದು ಔಸೇಪ್ ಚೇಟ್ಟನಿಗೆ ಮಾಡಿದಳು. ಚೇಟ್ಟನ್ ಎಂದರೆ ಅಣ್ಣ; ಅವಳ ಬ್ಯಾಂಕಿಗೆ ಪಿಂಚಣಿಗೆ ಬರುತ್ತಿದ್ದವರು. ಅಂಬಲಮುಗಳದ ರಿಫೈನರಿಯಲ್ಲಿ ಮೂವತ್ತು ವರ್ಷ ಪೈಪುಗಳ ಜೋಡಣೆಗೆ ಬೋಲ್ಟು ಬಿಗಿಯುವ ಫಿಟ್ಟರ್ ಆಗಿ ನಿವೃತ್ತರಾದವರು. ಈಗ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನೆರೆಹೊರೆಯವರ ಕಾರು ಬಿಚ್ಚಿ ಜೋಡಿಸುತ್ತ ಹೊತ್ತು ಕಳೆಯುತ್ತಿದ್ದರು. ಫೋನಿನಲ್ಲಿ ಅವರು ನಾಲ್ಕೇ ಮಾತು ಹೇಳಿದರು: ಕಾರು ಸ್ಟಾರ್ಟ್ ಮಾಡಬೇಡಿ, ಬಾಗಿಲು ಎಲ್ಲ ತೆಗೆಯಿರಿ, ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಳ್ಳಿ, ಮೋಳು ದೂರ ನಿಲ್ಲಲಿ. ಮೋಳು ಎಂದರೆ ಮಗಳು. ಅರ್ಧ ಗಂಟೆಯಲ್ಲಿ ಪಕ್ಕದ ಮನೆಯವರ ಜೀಪಿನಲ್ಲಿ ಹಗ್ಗದೊಂದಿಗೆ ಬಂದರು. ತೆಳ್ಳಗಿನ ಎತ್ತರದ ಮನುಷ್ಯ, ಮಡಚಿ ಕಟ್ಟಿದ ಮುಂಡು, ಕಿವಿಯಲ್ಲಿ ಬಿಳಿ ಕೂದಲು.

ಶೆಡ್ಡಿನಲ್ಲಿ ಕಾರಿನ ಬ್ಯಾಟರಿಯ ವೈರು ಬಿಚ್ಚಿ, ಸೀಟು ಎತ್ತಿ, ಮುಚ್ಚಳದ ಸುತ್ತ ಒಂದು ಸಲ ಬೆರಳು ಆಡಿಸಿದರು. ಆಮೇಲೆ ಪಾನಾ ಹಾಕಿ ಬೋಲ್ಟು ತಿರುಗಿಸಲು ನೋಡಿದರು. ತಿರುಗಲಿಲ್ಲ. ಇನ್ನೊಂದು. ಅದೂ ಇಲ್ಲ. ತಲೆಯೆತ್ತಿ ನನ್ನನ್ನು ನೋಡಿದರು.

"ಇದಾರಾ ಮುರುಕ್ಕಿಯದ್?" ಯಾರು ಇದನ್ನು ಬಿಗಿದವರು?

"ತಿರುವನಂತಪುರದ ಒಬ್ಬ ಮೆಕ್ಯಾನಿಕ್" ಅಂದೆ.

ಎರ್ನಾಕುಲಂ ಕಡೆಯವರಿಗೆ ತಿರುವನಂತಪುರದವರ ಮೇಲೆ ಹೇಗೂ ಒಂದು ಮಾತು ಇದ್ದೇ ಇರುತ್ತದೆ. ಔಸೇಪ್ ಚೇಟ್ಟನಿಗೆ ಅದು ಹಬ್ಬವಾಯಿತು. ಆರೂ ಬೋಲ್ಟು ಬಿಚ್ಚುವಷ್ಟು ಹೊತ್ತು, ಅಂದರೆ ಸುಮಾರು ಒಂದು ಗಂಟೆ, ಆ ಮೆಕ್ಯಾನಿಕ್‌ನ ವಂಶವನ್ನು ಮೂರು ತಲೆಯವರೆಗೆ ವಿಚಾರಿಸಿಕೊಂಡರು. ಇವನು ಟ್ಯಾಂಕಿನ ಮುಚ್ಚಳ ಬಿಗಿದಿದ್ದಾನೋ ಶತ್ರುವಿನ ಕುತ್ತಿಗೆ ಹಿಸುಕಿದ್ದಾನೋ? ಇವನಿಗೆ ಕೈ ಕೊಟ್ಟ ದೇವರು ಬೆರಳಿಗೆ ಜ್ಞಾನ ಕೊಡಲು ಯಾಕೆ ಮರೆತ? ನಾನು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ಮುಚ್ಚಳ ಹೊರಬಂದಾಗ ತೋರಿಸಿದರು. ತಗಡಿನ ಅಂಚು ಬೋಲ್ಟು ಇದ್ದಲ್ಲೆಲ್ಲ ಕೆಳಗೆ ಬಾಗಿ, ನಡುವೆ ಮೇಲೆದ್ದಿತ್ತು. ಹೊಸ ರಬ್ಬರು ಒಂದು ಕಡೆ ಹಪ್ಪಳದ ಹಾಗೆ ಅಪ್ಪಚ್ಚಿಯಾಗಿ ಸೀಳಿತ್ತು. "ಸಡಿಲ ಬಿಟ್ಟಿದ್ದರೆ ಇಷ್ಟು ಸೋರುತ್ತಿರಲಿಲ್ಲ" ಅಂದರು.

ಸ್ವಲ್ಪ ದೂರದಲ್ಲಿ, ಮನೆಯ ಹಿಂಬಾಗಿಲಿನ ಮೆಟ್ಟಿಲ ಮೇಲೆ ನೀಲಾ ಕೂತಿದ್ದಳು. ಚೇಟ್ಟನ ಹೆಂಡತಿ ಮೇರಿ ಚೇಚ್ಚಿ, ಮೇರಿ ಅಕ್ಕ ಅನ್ನಿ, ಅವಳಿಗೆ ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಕೊಟ್ಟು ಪಕ್ಕದಲ್ಲೇ ಕೂತಿದ್ದರು. ನೀಲಾ ಲೋಟ ಕೆಳಗಿಟ್ಟು ತನ್ನ ಬ್ಯಾಂಕಿನ ಮಲಯಾಳದಲ್ಲಿ ಸ್ಪಷ್ಟವಾಗಿ ಹೇಳಿದಳು: "ಚೇಟ್ಟಾ, ಆ ಮೆಕ್ಯಾನಿಕ್ ಇವರೇ."

ಔಸೇಪ್ ಚೇಟ್ಟನ್ ನನ್ನ ಮುಖ ನೋಡಲಿಲ್ಲ. ನನ್ನ ಎರಡು ಕೈಗಳನ್ನು ನೋಡಿದರು. ಆಮೇಲೆ ಕೆಮ್ಮುವ ಹಾಗೆ ಮಾಡಿ, "ಎಷ್ಟು ದಿನದಿಂದ ವಾಸನೆ?" ಎಂದು ಕೇಳಿದರು.

"ಇವತ್ತೇ" ಎಂದೆ ನಾನು.

"ಆರು ವಾರ" ಎಂದಳು ನೀಲಾ.

ನಾನು ಅವಳ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ? ಮತ್ತೆ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?"

"ಹೇಳಿದ್ರ ಕಾರು ಗ್ಯಾರೇಜಿಗೆ ಹೋಗ್ತಿತ್ತು" ಅಂದಳು. ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ, "ನಂಗ ತಿಂಗಳದಾಗ ಎರಡ ಶನಿವಾರ ಇರ್ತಾವ್ರಿ. ಒಂದು ಹೋಗಿದ್ರ ಒಂದ ಉಳೀತಿತ್ತು" ಅಂದಳು.

ಮೇರಿ ಚೇಚ್ಚಿಗೆ ಕನ್ನಡ ತಿಳಿಯದು. "ಏನಂದಳು ಮೋಳು?" ಎಂದು ನನ್ನನ್ನು ಕೇಳಿದರು. ಹೇಳಲು ಹೋದೆ. ಅರ್ಧ ಹೇಳಿ ಮುಖ ತಿರುಗಿಸಿದೆ. ಆದರೆ ಅವರಿಗೆ ಆ ಅರ್ಧವೇ ಸಾಕಾಯಿತು. ಎದ್ದು ಒಳಗೆ ಹೋದರು.

ಔಸೇಪ್ ಚೇಟ್ಟನ್ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೂತರು. ಮೇರಿ ಚೇಚ್ಚಿ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ನರ್ಸಾಗಿದ್ದವರು. ವರ್ಷಕ್ಕೊಂದು ತಿಂಗಳು ರಜೆ. "ಆ ತಿಂಗಳು ಇಬ್ಬರೂ ಸುಳ್ಳೇ ಹೇಳುತ್ತಿದ್ದೆವು ಸಾರೇ" ಅಂದರು ಚೇಟ್ಟನ್. "ಮನೆಯ ಮಾಡು ಸೋರುತ್ತಿದ್ದರೂ ಇಲ್ಲ ಅನ್ನುತ್ತಿದ್ದೆ. ಇರುವ ಮೂವತ್ತು ದಿನದಲ್ಲಿ ಆಚಾರಿಯನ್ನು ಕರೆದು ಕೂರುವುದು ಯಾಕೆ? ಅವಳಿಗೆ ಅಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಗಾಯದ ಗೆರೆ ಮಾಸಿ ಹೋಗಿತ್ತು." ಒಳಗಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಅವರು ದನಿ ತಗ್ಗಿಸಿದರು. "ಆಗ ಫೋನಿನಲ್ಲಿ ಅವಳ ಉಸಿರು ಕೇಳಿದರೆ ಸಾಕಿತ್ತು. ಈಗ ನಾಲ್ಕು ವರ್ಷದಿಂದ ಇಲ್ಲೇ ಇದ್ದಾಳೆ. ಚಹಾ ಆಯಿತಾ, ಗೇಟು ಹಾಕಿದಿರಾ, ಇಷ್ಟೇ ಮಾತು. ಕೆಲವು ಸಂಜೆ ನನಗೆ ಗಲ್ಫಿನಲ್ಲಿದ್ದ ಆ ಅವಳಿಗೆ ಒಂದು ಫೋನು ಮಾಡಬೇಕು ಅನಿಸುತ್ತದೆ."

ಅವರು ನಕ್ಕರು. ನಾನೂ ನಕ್ಕೆ. ಆಗ ಅದು ನನಗೆ ತಮಾಷೆಯಾಗಿಯೇ ಕೇಳಿಸಿತ್ತು.

ಸೋಮವಾರ ನಾನು ರಜೆ ಹಾಕಿ ನೀಲಾಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಕಾಯುವಾಗ ಅವಳು ನನ್ನ ಕೈ ಹಿಡಿದಿರಲಿಲ್ಲ. ನಾನೂ ಹಿಡಿಯಲಿಲ್ಲ, ಹಿಡಿದರೆ ಎಲ್ಲಿ ಬಿಗಿಯುತ್ತೇನೋ ಎಂದು ಹೆದರಿಕೆ. ಡಾಕ್ಟರು ಎಲ್ಲ ಕೇಳಿ, ಹೊಟ್ಟೆಯ ಮೇಲೆ ಉಪಕರಣ ಇಟ್ಟು, ಮಗುವಿನ ಎದೆಬಡಿತ ಕೇಳಿಸಿದರು. ಗಾಬರಿಯಾಗುವಂಥದ್ದೇನೂ ಇಲ್ಲ, ಸೋರುವುದು ನಿಲ್ಲುವವರೆಗೆ ಮಾತ್ರ ಆ ಕಾರಿನಲ್ಲಿ ಕೂರಬೇಡಿ ಎಂದು ನನ್ನನ್ನೇ ನೋಡಿ ಹೇಳಿದರು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ನೀಲಾ, "ಕುದರಿ ಓಡಿದಂಗ ಕೇಳ್ತಲ್ರಿ" ಅಂದಳು. ಅಷ್ಟು ಹೇಳಿ ನನ್ನ ತೋಳಿಗೆ ಒರಗಿ ಅತ್ತಳು, ಮೆಟ್ರೋ ಕಂಬದ ಕೆಳಗೆ, ಹೋಗಿ ಬರುವವರ ನಡುವೆ.

ಮುಂದಿನ ಎರಡನೆಯ ಶನಿವಾರ ರೈಲಿನಲ್ಲಿ ಹೋದೆ. ಔಸೇಪ್ ಚೇಟ್ಟನ್ ಟ್ಯಾಂಕು ಬರಿದು ಮಾಡಿ, ಹೊಸ ಮುಚ್ಚಳ ಮತ್ತು ಪ್ಯಾಕಿಂಗ್ ತರಿಸಿ, ನಾಲ್ಕು ಬಾಗಿಲನ್ನೂ ತೆರೆದಿಟ್ಟು ಎರಡು ದಿನ ಗಾಳಿಗೆ ಬಿಟ್ಟಿದ್ದರು. ವಾಸನೆಯ ಸುಳಿವೂ ಇರಲಿಲ್ಲ. ಅವರು ಒಂದು ಉದ್ದನೆಯ ಪೆಟ್ಟಿಗೆಯಿಂದ ಟಾರ್ಕ್ ರೆಂಚ್ ತೆಗೆದರು. ಅದರ ಹಿಡಿಯಲ್ಲಿ ಅಂಕಿಗಳಿದ್ದವು. ಕಂಪನಿಯ ಪುಸ್ತಕ ನೋಡಿ ಅಂಕಿಯನ್ನು ಹೊಂದಿಸಿದರು. ಅಷ್ಟು ಬಿಗಿ ಬಂದೊಡನೆ ಅದು ಕಟ್ ಎನ್ನುತ್ತದೆಯಂತೆ. ನಾನು ಕೈಚಾಚಿದೆ. ಅವರು ನನ್ನನ್ನು ದಾಟಿ ನೀಲಾಳ ಕೈಗೆ ಕೊಟ್ಟರು.

ಮೇರಿ ಚೇಚ್ಚಿ ಬಾಗಿಲಿಂದಲೇ, "ಅವಳಿಗೆ ಯಾಕೆ ಈಗ ಈ ಕೆಲಸ?" ಎಂದು ಗದರಿದರು. "ಅವಳೇ ಮಾಡಲಿ" ಅಂದರು ಚೇಟ್ಟನ್. "ಅವಳೇ ಅಲ್ಲವಾ ಇನ್ನು ಇದರ ಮೇಲೆ ನಂಬಿಕೆ ಇಟ್ಟು ಕೂರಬೇಕಾದವಳು?"

ಮೊದಲು ಆರೂ ಬೋಲ್ಟನ್ನು ಬರೀ ಬೆರಳಿನಿಂದ ಕೂರಿಸಬೇಕು. ಆಮೇಲೆ ಒಂದನ್ನು ಸ್ವಲ್ಪ, ಅದರ ಎದುರಿನದನ್ನು ಸ್ವಲ್ಪ. ಪಕ್ಕಪಕ್ಕದ್ದನ್ನು ಬಿಗಿಯುತ್ತ ಹೋದರೆ ಮುಚ್ಚಳ ಒಂದು ಕಡೆ ವಾಲುತ್ತದೆ. ಎಲ್ಲಕ್ಕೂ ಅರ್ಧ ಬಿಗಿ ಬಂದ ಮೇಲೆ ಅದೇ ಸಾಲಿನಲ್ಲಿ ಪೂರ್ತಿ. ನೀಲಾ ಸೀಟು ಸರಿಸಿದ ಜಾಗದಲ್ಲಿ ಕೂತು, ನಾಲಿಗೆಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, ರೆಂಚನ್ನು ಮೆಲ್ಲಗೆ ಎಳೆದಳು. ಕಟ್. "ಮತಿ, ಮೋಳೇ" ಅಂದರು ಚೇಟ್ಟನ್. ಎದುರಿನದು. ಕಟ್. "ಮತಿ."

ಮಲಯಾಳದಲ್ಲಿ ಮತಿ ಎಂದರೆ ಸಾಕು ಎಂದರ್ಥ. ನಮ್ಮಲ್ಲಿ ಮತಿ ಎಂದರೆ ಬುದ್ಧಿ. ಇಷ್ಟು ವರ್ಷ ಮಲಯಾಳದ ನಡುವೆ ಇದ್ದರೂ ಈ ಎರಡು ಅರ್ಥಗಳು ಒಂದೇ ಜಾಗದಲ್ಲಿ ಕೂರುವುದನ್ನು ನಾನು ಅಂದೇ ನೋಡಿದ್ದು. ಅಷ್ಟು ಕಡಿಮೆ ಬಿಗಿ! ಮಗುವಿನ ಅಂಗಿಯ ಗುಂಡಿ ಹಾಕುವಷ್ಟು ಬಲವೂ ಬೇಕಿರಲಿಲ್ಲ. ತಡೆಯಲಾರದೆ, "ಇನ್ನೊಂದು ಚೂರು..." ಅಂದೆ.

"ಮತಿ ರೀ" ಅಂದಳು ನೀಲಾ, ತಲೆಯೆತ್ತದೆ.

ಕಾರು ಮತ್ತೆ ಸೋರಲಿಲ್ಲ. ಅದೇ ವರ್ಷ ಅನಘಾ ಹುಟ್ಟಿದಳು. ಮೇರಿ ಚೇಚ್ಚಿ ಆಸ್ಪತ್ರೆಗೆ ಬಂದು ಮಗುವನ್ನು ಎಣ್ಣೆ ಹಚ್ಚಿ ಮೀಯಿಸುವುದನ್ನು ಕಲಿಸಿದರು. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ನೀಲಾಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸಾಮಾನನ್ನು ಲಾರಿಗೆ ಏರಿಸಿ, ನಾವು ಅದೇ ಕಾರಿನಲ್ಲಿ ಹೊರಟೆವು. ಔಸೇಪ್ ಚೇಟ್ಟನ್ ರಸ್ತೆಯವರೆಗೆ ಬಂದು ಹಿಂದಿನ ಸೀಟಿನ ಮೇಲೆ ಒಂದು ಸಲ ಕೈಯಿಟ್ಟು, "ಬಿಚ್ಚಬೇಕಾಗಿ ಬಂದರೆ ಇಲ್ಲಿಗೇ ತನ್ನಿ" ಅಂದರು.

ಬಿಚ್ಚಬೇಕಾಗಿ ಬರಲಿಲ್ಲ. ಹಾಗಾಗಿ ಹೋಗಲೂ ಇಲ್ಲ. ಮೊದಮೊದಲು ಓಣಂಗೆ, ಕ್ರಿಸ್ಮಸ್ಸಿಗೆ ಫೋನು. ಆಮೇಲೆ ಒಂದು ವಾಟ್ಸಾಪ್ ಹೂವು. ಎರಡು ವರ್ಷದ ಹಿಂದೆ ಮೇರಿ ಚೇಚ್ಚಿಯೇ ಫೋನು ಮಾಡಿ ಚೇಟ್ಟನ್ ಹೋದರು ಎಂದು ಹೇಳಿದರು. ಅನಘಾಳಿಗೆ ಪರೀಕ್ಷೆ, ನೀಲಾಳಿಗೆ ಇನ್‌ಸ್ಪೆಕ್ಷನ್. ನಾವು ಹೋಗಲಿಲ್ಲ. "ಎರ್ನಾಕುಲಂಗೆ ಬಂದಾಗ ಬಂದರೆ ಸಾಕು" ಅಂದರು ಚೇಚ್ಚಿ. ಅಲ್ಲಿಂದ ಈಚೆಗೆ ನಾನು ಕಚೇರಿಯ ಕೆಲಸಕ್ಕೆ ಎರಡು ಸಲ ಎರ್ನಾಕುಲಂಗೆ ಹೋಗಿ ಬಂದಿದ್ದೇನೆ. ಅದನ್ನು ನೀಲಾಳಿಗೂ ಹೇಳಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಬೂದಿ ಬಣ್ಣದ ಕಾರನ್ನು ಮಾರಿದೆವು. ಈಗಿನದು ಬ್ಯಾಟರಿಯದು, ಪೆಟ್ರೋಲೂ ಇಲ್ಲ, ಟ್ಯಾಂಕೂ ಇಲ್ಲ, ಬಿಗಿಯಲು ಏನೂ ಇಲ್ಲ. ನಮಗೆ ಈಗ ಮೂರು ಕೋಣೆಯ ಮನೆ, ಪ್ರತಿ ಕೋಣೆಗೂ ಬಾಗಿಲು, ಪಕ್ಕದ ಮನೆಯವರಿಗೆ ಒಂದಕ್ಷರ ಕನ್ನಡ ಬಾರದು. ಎಷ್ಟು ಗಟ್ಟಿಯಾಗಿ ಬೇಕಾದರೂ ಏನು ಬೇಕಾದರೂ ಮಾತಾಡಬಹುದು. ನಾವು ಗೀಸರ್ ಆರಿಸಿದೆಯಾ, ಅವಳ ಟ್ಯೂಷನ್ ಎಷ್ಟು ಗಂಟೆಗೆ, ನಾಳೆ ತಿಂಡಿಗೆ ಎಂತ ಎಂದು ಮಾತಾಡುತ್ತೇವೆ. ಜಗಳವಿಲ್ಲ, ಮುನಿಸಿಲ್ಲ. ಒಂದೇ ಮನೆಯಲ್ಲಿ ಸುಖವಾಗಿದ್ದೇವೆ. ಆದರೂ ಎರಡನೆಯ ಶನಿವಾರ ಬೆಳಿಗ್ಗೆ ಬೇಗ ಎಚ್ಚರವಾಗಿಬಿಡುತ್ತದೆ. ಎಲ್ಲಿಗೋ ಹೊರಡಬೇಕಿತ್ತು ಅನಿಸುತ್ತದೆ. ಪಕ್ಕಕ್ಕೆ ನೋಡಿದರೆ ಹೋಗಿ ಕಾಣಬೇಕಾದವಳು ಅಲ್ಲೇ ಮಲಗಿರುತ್ತಾಳೆ.

ಬಾಟಲಿಯ ಪ್ರಸಂಗ ನಡೆದ ವಾರದ ಶನಿವಾರ ಅನಘಾಳನ್ನು ಈಜಿನ ಕ್ಲಾಸಿಗೆ ಬಿಟ್ಟೆವು. ಸಾಧಾರಣವಾಗಿ ಆ ಎರಡು ಗಂಟೆ ನಾನು ತರಕಾರಿಗೆ, ಅವಳು ದರ್ಜಿಯ ಹತ್ತಿರ. ಅಂದು ನೀಲಾ, "ವಿಳಿಂಜಂ ಕಡೆ ಹೋಗೂಣೇನ್ರಿ?" ಅಂದಳು. ನಾನು ಕಾರನ್ನು ಆ ಕಡೆ ತಿರುಗಿಸಿದೆ.

ಬಂದರಿನ ದೊಡ್ಡ ಕ್ರೇನುಗಳು ಕಾಣುವ ಕಡೆ ಕಾರು ನಿಲ್ಲಿಸಿದೆ. ಕೆಳಗೆ ಮೀನುಗಾರರ ದೋಣಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಈ ಕಾರು ನಿಂತರೂ ಸದ್ದಿಲ್ಲ, ಓಡಿದರೂ ಸದ್ದಿಲ್ಲ. ಬಾತ್‌ರೂಮಿನ ನಲ್ಲಿ ಸೋರುತ್ತಿದೆ ಎಂದು ಅವಳು ಹೇಳಿದಳು. ಪ್ಲಂಬರನಿಗೆ ಹೇಳಿದ್ದೇನೆ ಎಂದು ನಾನು ಹೇಳಿದೆ. ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಐದು ನಿಮಿಷ ಸಮುದ್ರ ನೋಡಿದೆವು. ನನ್ನ ಗಂಟಲಲ್ಲಿ ಒಂದು ಮಾತಿತ್ತು. ದೂರವಿದ್ದಾಗ ಅದನ್ನು ದಿನಕ್ಕೆ ಹತ್ತು ಸಲ ಸುಲಭವಾಗಿ ಹೇಳುತ್ತಿದ್ದೆ. ಒಂದು ಮೊಳ ದೂರದಲ್ಲಿ ಕೂತವಳಿಗೆ ಅದನ್ನು ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಆದರೂ ಹೇಳಿದೆ.

"ನೀಲಾ, ನಿನ್ನ ನೆನಪಾಗ್ತದೆ ಮಾರಾಯ್ತಿ."

ಅವಳು ನನ್ನ ಕಡೆ ತಿರುಗಿದಳು. "ನಾ ಇಲ್ಲೇ ಅದೀನಲ್ರಿ?"

"ಹೌದು" ಎಂದೆ.

ಅವಳು ಮತ್ತೆ ಸಮುದ್ರ ನೋಡಿದಳು. ಒಂದು ಹಡಗು ಬಹಳ ನಿಧಾನವಾಗಿ ಒಳಗೆ ಬರುತ್ತಿತ್ತು. ಅದು ಪೂರ್ತಿ ತಿರುಗಿತು.

"ನನಗೂ ಆಗ್ತೈತ್ರಿ" ಅಂದಳು.

ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿ, ಚಪ್ಪಲಿ ಕಳಚಿ, ಕಾಲನ್ನು ಮೇಲೆ ಮಡಚಿಟ್ಟುಕೊಂಡು, ನನ್ನ ಕಡೆ ಮುಖ ಮಾಡಿ ಕೂತಳು.

"ಹ್ಞೂಂ, ಹೇಳ್ರಿ ಈಗ."